ಅಪ್ಪನ ಟ್ರ್ಯಾಕ್ಟರ್, ಮಗನ ಟ್ರ್ಯಾಕ್ಟರ್

ಶಿಕಾರಿಪುರದ ಹುಚ್ಚರಾಯಸ್ವಾಮಿ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಟ್ರ್ಯಾಕ್ಟರೊಂದು ಸೊರಬದ ನನ್ನ ತಂಗಿಯ ಮನೆಯಲ್ಲಿ ಮೂರು ತಿಂಗಳು ಓಡಿತು. ಮೂರು ವರ್ಷದ ಸೋದರಳಿಯ ಅದನ್ನು ತಬ್ಬಿಕೊಂಡೇ ಮಲಗುತ್ತಿದ್ದ. ಹಿಂದಿನ ಗಾಲಿ ಕಳಚಿದ ದಿನ ಅವನು ಊಟ ಬಿಟ್ಟ. ಮನೆಯವರೆಲ್ಲ ಹೇಳಿದ್ದು ಒಂದೇ ಮಾತು: 'ಹೋಗ್ಲಿ ಬಿಡು ಪುಟ್ಟಾ, ಹೊಸದು ತರೋಣ.' ಅವನಿಗೆ ಹೊಸದು ಬೇಕಿರಲಿಲ್ಲ. ತನ್ನದೇ ಬೇಕಿತ್ತು.

ನನ್ನ ತಕರಾರು ಈ 'ಹೊಸದು ತರೋಣ' ಎಂಬ ಮಾತಿನ ಮೇಲೆ.

ಟ್ರ್ಯಾಕ್ಟರನ್ನು ಮಗುಚಿ ನೋಡಿದೆ. ಒಂದು ಸ್ಕ್ರೂ ಇಲ್ಲ. ಎರಡು ಹೋಳುಗಳನ್ನು ಅಂಟಿಸಿ ಮುಗಿಸಿದ್ದಾರೆ. ಕೊನೆಗೆ ಸೈಕಲ್ ಶಾಪಿನವರು ಹಳೆಯ ಕೊಡೆಯ ಕಡ್ಡಿ ಕತ್ತರಿಸಿ, ಗಾಲಿಗೆ ತೂರಿಸಿ, ತುದಿಗಳನ್ನು ಒಳಕ್ಕೆ ಮಡಚಿ ಕೊಟ್ಟರು. ಹತ್ತು ನಿಮಿಷದ ಕೆಲಸ. ದುಡ್ಡು ತೆಗೆದುಕೊಳ್ಳಲಿಲ್ಲ, ಅದನ್ನೊಂದು ಕೆಲಸವೆಂದೇ ಅವರು ಎಣಿಸಿರಲಿಲ್ಲ.

ಸರ್ಕಾರವೂ ಎಣಿಸಿಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕಿ'ಗೆ ಚೌಕಟ್ಟು ರೂಪಿಸಲು ಸಮಿತಿ ಮಾಡಿತು. ಮೊದಲಿಗೆ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲು-ಟ್ಯಾಬ್ಲೆಟ್ಟು, ಗೃಹಬಳಕೆಯ ವಸ್ತುಗಳು, ವಾಹನಗಳು. ಅಪ್ಪನ ಟ್ರ್ಯಾಕ್ಟರು ಆ ಪಟ್ಟಿಯಲ್ಲಿದೆ, ಮಗನದ್ದು ಇಲ್ಲ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು, ಒಳ್ಳೆಯದೇ. ಆದರೆ ಆ ಗುರುತು ಆಟಿಕೆ ಸುರಕ್ಷಿತವೇ ಎಂದು ಕೇಳುತ್ತದೆ, ಬಿಚ್ಚಿ ಸರಿಮಾಡಬಹುದೇ ಎಂದಲ್ಲ.

ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎನ್ನುವಿರಾ? ಯಾವುದಾದರೂ ಶಿಶುವಿಹಾರದ ಬೀರು ತೆಗೆಸಿ ನೋಡಿ. ನಾನು ನೋಡಿದ ಒಂದರಲ್ಲಿ ಬಣ್ಣಬಣ್ಣದ ಆಟಿಕೆಗಳು ಕವರಿನೊಳಗೇ ಕುಳಿತಿದ್ದವು. 'ಕೊಟ್ರೆ ಮುರಿದು ಹಾಕ್ತಾವೆ ಸರ್' ಎಂದರು ಅಲ್ಲಿಯ ಅಕ್ಕ. ತಪ್ಪು ಅವರದಲ್ಲ. ಮುರಿದರೆ ಸರಿಮಾಡುವವರಿಲ್ಲ, ಲೆಕ್ಕ ಕೊಡಬೇಕಾದವರು ಮಾತ್ರ ಅವರು. ರಿಪೇರಿ ಇಲ್ಲದ ಕಡೆ ಆಟಕ್ಕೇ ಬೀಗ ಬೀಳುತ್ತದೆ. ಮನೆಯಲ್ಲೂ ಅಷ್ಟೆ: ಎರಡನೆಯದನ್ನು ಕೊಳ್ಳಲಾಗದ ತಾಯಿ ಮೊದಲನೆಯದು ಮುರಿದಾಗ ಮಗುವಿನ ಬೆನ್ನಿಗೆ ಗುದ್ದುತ್ತಾಳೆ. ಮುರಿಯುವ ಭಯವಿಟ್ಟುಕೊಂಡು ಯಾವ ಮಗು ಆಡೀತು?

ಎಲ್ಲವನ್ನೂ ಉಳಿಸಿಕೊಳ್ಳಿ ಎನ್ನುತ್ತಿಲ್ಲ. ಗುಂಡಿ ಬ್ಯಾಟರಿ ಹೊರಬಿದ್ದದ್ದು, ಆಯಸ್ಕಾಂತ ಸಡಿಲವಾದದ್ದು, ಬಣ್ಣ ಉದುರುವುದು ಮಗುವಿನ ಕೈಗೆ ಮರಳಬಾರದು. ಹಾಗೆಯೇ 'ಚನ್ನಪಟ್ಟಣದ ಗೊಂಬೆ ಕೊಡಿಸಿ' ಎಂಬ ನಮ್ಮ ಸಾಹಿತ್ಯವಲಯದ ಸುಲಭ ಉಪದೇಶವೂ ಬೇಡ. ಶೋಕೇಸಿನಲ್ಲಿಟ್ಟ ಮರದ ಗೊಂಬೆಗಿಂತ ಅಂಗಳದ ಮಣ್ಣು ಮೆತ್ತಿದ ಪ್ಲಾಸ್ಟಿಕ್ ಟ್ರ್ಯಾಕ್ಟರೇ ಹೆಚ್ಚು ಆಟಿಕೆ.

ಸೊರಬ-ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ನಾವು ಕೊಂಡಾಡುತ್ತೇವೆ. ಹೊಸದನ್ನು ಕೆತ್ತಿದ ಕೈಗೆ ಶಾಲು ಹೊದಿಸುತ್ತೇವೆ. ಮುರಿದದ್ದನ್ನು ಕೂಡಿಸಿದ ಕೈಗೆ ಚಹಾವನ್ನೂ ಕೊಡುವುದಿಲ್ಲ. ಕೊಡೆ, ಚಪ್ಪಲಿ, ಸೈಕಲ್ ರಿಪೇರಿಯವರು ಬಸ್‌ಸ್ಟ್ಯಾಂಡಿನ ಪಕ್ಕ ಇನ್ನೂ ಕೂತಿದ್ದಾರೆ. ಬೇಕಾದ ಕೌಶಲ ಊರಲ್ಲೇ ಇದೆ.

ಕೇಳಬೇಕಾದದ್ದು ಹೆಚ್ಚೇನಲ್ಲ. ಆಟಿಕೆಗೆ ಅಂಟಿನ ಬದಲು ಸ್ಕ್ರೂ ಇರಲಿ. ಬಿಡಿ ಗಾಲಿ ಸಿಗಲಿ. ಪ್ರತಿ ಅಂಗನವಾಡಿಗೆ ವರ್ಷಕ್ಕೊಮ್ಮೆ ಹೊಸ ಆಟಿಕೆ ಕಳಿಸುವ ಹಣದಲ್ಲೇ ಸ್ವಲ್ಪ ಉಳಿಸಿ, ತಿಂಗಳಿಗೊಂದು ದಿನ ರಿಪೇರಿಯವರನ್ನು ಕರೆಸಲಿ. ಮಕ್ಕಳೆದುರಿಗೇ ಬಿಚ್ಚಲಿ, ಮಕ್ಕಳೆದುರಿಗೇ ಜೋಡಿಸಲಿ. ಬೀರುವಿನ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸೋದರಳಿಯನ ಟ್ರ್ಯಾಕ್ಟರು ಈಗ ಕೊಂಚ ಎಡಕ್ಕೆ ಎಳೆಯುತ್ತದೆ. ಅವನು ಅದಕ್ಕೆ ತಕ್ಕಂತೆ ತಿರುಗಿಸುವುದನ್ನು ಕಲಿತಿದ್ದಾನೆ. ಮೊನ್ನೆ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತಾಗ ಓಡಿಬಂದು ಕೇಳಿದ: 'ಮಾಮಾ, ಕೊಡೆಕಡ್ಡಿ ತರ್ಲಾ?'