ಶಾಲೆಯ ಗೋಡೆ, ನಗರದ ಗೆರೆ

ಮಾನ್ಯತೆ ನವೀಕರಣದ ಕಾಲ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರಗಳ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಪಾಠದ ಮಾತಿಗಿಂತ ಕಾಗದದ ಮಾತೇ ಹೆಚ್ಚಾಗುತ್ತದೆ. ಭೂಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ, ಕಟ್ಟಡದ ಸುರಕ್ಷತಾ ಪತ್ರ, ಅಗ್ನಿಶಾಮಕ ಇಲಾಖೆಯ ಪತ್ರ, ಹೀಗೆ ಪಟ್ಟಿ ಬೆಳೆಯುತ್ತದೆ. ನಮ್ಮ ಸಮುದಾಯದ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಅಲ್ಪಸಂಖ್ಯಾತರಿಗೆ ಸಂವಿಧಾನವಿತ್ತ ರಕ್ಷಣೆ ಇಲ್ಲಿ ನೆರವಿಗೆ ಬಾರದೇ ಎಂದು ಕೆಲವರು ಕೇಳುತ್ತಿರುವುದರಿಂದ ಈ ವಿಷಯವನ್ನು ಕೊಂಚ ಬಿಡಿಸಿ ನೋಡುವುದು ಅಗತ್ಯವೆನಿಸಿದೆ.

ಇಲ್ಲಿ ಎರಡು ಕಾನೂನುಗಳು ಬೆರೆತಿವೆ. ಕೃಷಿ ಜಮೀನಿನಲ್ಲಿ ಶಾಲೆ ಕಟ್ಟಲು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದನ್ವಯ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಆ ಜಮೀನು ಯೋಜನಾ ಪ್ರದೇಶದೊಳಗಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೂ ಅನ್ವಯಿಸುತ್ತದೆ. ಇದು ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಎಂದು ಊರನ್ನು ವಲಯಗಳಾಗಿ ವಿಂಗಡಿಸುತ್ತದೆ. ಶಾಲೆಯ ಮುಂದಿನ ರಸ್ತೆ ಎಷ್ಟು ಅಗಲ, ಸುತ್ತ ಎಷ್ಟು ತೆರಪು ಎಂಬ ಪ್ರಶ್ನೆಗಳು ಬರುವುದು ಈ ದಾರಿಯಿಂದಲೇ.

ಇವೆಲ್ಲ ಬರಿಯ ಕಿರುಕುಳವೆಂದು ತಳ್ಳಿಹಾಕುವವರು 2004ರ ಜುಲೈ 16ನ್ನು ನೆನೆಯಬೇಕು. ಅಂದು ತಮಿಳುನಾಡಿನ ಕುಂಭಕೋಣದ ಖಾಸಗಿ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಮೇಲಿನ ಗರಿಚಪ್ಪರಕ್ಕೆ ಹತ್ತಿ 94 ಮಕ್ಕಳು ಬೆಂದುಹೋದರು. ಒಂದೇ ಇಕ್ಕಟ್ಟಿನ ಕಟ್ಟಡದಲ್ಲಿ ಒಂದಕ್ಕಿಂತ ಹೆಚ್ಚು ಶಾಲೆಗಳು ನಡೆಯುತ್ತಿದ್ದವು. ಅದರ ಬೆನ್ನಲ್ಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅರ್ಜಿಯ ಮೇಲೆ 2009ರಲ್ಲಿ ತೀರ್ಪು ಬಂತು. ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಮಗುವಿನ ಶಿಕ್ಷಣದ ಹಕ್ಕಿನ ಭಾಗವೇ ಎಂದು ನ್ಯಾಯಾಲಯ ಸಾರಿತು. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಶಾಲೆಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷತಾ ಕ್ರಮಗಳನ್ನು ಪಾಲಿಸಬೇಕೆಂದಿತು.

ಇನ್ನು ಅಲ್ಪಸಂಖ್ಯಾತರ ಹಕ್ಕಿನ ಮಾತು. ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದೆಂದು 2014ರಲ್ಲಿ ಸಂವಿಧಾನ ಪೀಠ ಹೇಳಿತು. 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ತಾಳಿ, ಹಿರಿಯ ಪೀಠದ ಪರಿಶೀಲನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿದೆ. ಆದರೆ ಕಟ್ಟಡದ ನಿಯಮಗಳು ಆ ಒಂದೇ ಕಾಯಿದೆಯಿಂದ ಹುಟ್ಟಿದವಲ್ಲ. ಕೇರಳ ಶಿಕ್ಷಣ ಮಸೂದೆಯ ಕುರಿತು 1958ರಲ್ಲಿ ನೀಡಿದ ಅಭಿಪ್ರಾಯದಲ್ಲೇ ಸರ್ವೋಚ್ಚ ನ್ಯಾಯಾಲಯ, ಆಡಳಿತದ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲ, ಅನಾರೋಗ್ಯಕರ ಪರಿಸರದ ಶಾಲೆಗೆ ಮಾನ್ಯತೆ ಕೇಳುವಂತಿಲ್ಲ ಎಂದು ಸ್ಪಷ್ಟಪಡಿಸಿತ್ತು. ಆ ಮಸೂದೆಯನ್ನು ಪ್ರಬಲವಾಗಿ ವಿರೋಧಿಸಿದವರಲ್ಲಿ ಕಥೋಲಿಕರೇ ಮುಂದಿದ್ದರೆಂಬುದನ್ನು ಮರೆಯಲಾಗದು. ಆದ್ದರಿಂದ ಬಿರುಕು ಬಿಟ್ಟ ಗೋಡೆಗೆ ಮೂವತ್ತನೆಯ ವಿಧಿಯನ್ನು ಊರೆಗೋಲಾಗಿಸುವುದು ನಮಗೆ ಶೋಭಿಸದು.

ಹಾಗೆಂದು ಇಲಾಖೆಯ ನಡೆಯೆಲ್ಲ ಸರಿಯೆನ್ನಲಾದೀತೇ? ಈ ಭಾಗದ ಹಳೆಯ ಕಟ್ಟಡಗಳನ್ನು ನೋಡಿದವರಿಗೆ ಗೊತ್ತು: ದಪ್ಪ ಕಲ್ಲುಗೋಡೆ, ಮೇಲೆ ಶಹಾಬಾದಿ ಪರಸಿ, ಅಡಿಯಲ್ಲಿ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಎರೆಮಣ್ಣು. ಇಂಥ ಕಟ್ಟಡ ಗಟ್ಟಿಯೋ ಅಲ್ಲವೋ ಎಂಬುದನ್ನು ಎಂಜಿನಿಯರರು ಸ್ಥಳಕ್ಕೆ ಬಂದು ಪರೀಕ್ಷಿಸಬೇಕೇ ಹೊರತು ನಕ್ಷೆಯಿಲ್ಲವೆಂಬ ಕಾರಣಕ್ಕೆ ತೀರ್ಮಾನಿಸಲಾಗದು. ಸುರಪುರದ ಗುಡ್ಡದ ಮಗ್ಗುಲಿನ ಹಳೆಯ ಓಣಿಗಳು ರಾಜರ ಕಾಲದವು. ಅಲ್ಲಿನ ರಸ್ತೆಯನ್ನು ಹೊಸ ಬಡಾವಣೆಯ ಅಳತೆಗೆ ಹಿಗ್ಗಿಸುವುದು ಯಾವ ಆಡಳಿತ ಮಂಡಳಿಗೂ ಸಾಧ್ಯವಿಲ್ಲ. ಊರ ಹೊರಗೆ ಹೋಗೋಣವೆಂದರೆ ಶಹಾಪುರ, ಸುರಪುರಗಳ ಸುತ್ತ ನಾರಾಯಣಪುರ ಕಾಲುವೆಯ ನೀರುಂಡ ಹೊಲಗಳಿವೆ. ಅವನ್ನು ಕಟ್ಟಡಕ್ಕೆ ಬಿಡಬಾರದೆಂಬ ವಾದದಲ್ಲೂ ಹುರುಳಿದೆ.

ಇದು ನಮ್ಮೊಬ್ಬರ ತೊಡಕಲ್ಲ. ಅಮೆರಿಕದಲ್ಲಿ 1991ರಲ್ಲಿ ಮಿನೆಸೋಟ ರಾಜ್ಯ ಮೊದಲು ಕಾನೂನು ರೂಪಿಸಿದ 'ಚಾರ್ಟರ್' ಶಾಲೆಗಳಲ್ಲಿ ಹಣ ಸರ್ಕಾರದ್ದು, ಆಡಳಿತ ಬೇರೆಯವರದು. ನಗರದ ವಲಯ ನಿಯಮಕ್ಕೆ ಅವು ಸಾರ್ವಜನಿಕ ಶಾಲೆಗಳೋ ಖಾಸಗಿಯವೋ ಎಂಬ ಚರ್ಚೆ ಅಲ್ಲಿಯೂ ನಡೆದಿದೆ. ನಮ್ಮ ಅನುದಾನಿತ ಶಾಲೆಗಳದ್ದೂ ಇದೇ ಸ್ಥಿತಿ: ಶಿಕ್ಷಕರ ಸಂಬಳ ಸರ್ಕಾರದ್ದು, ಸೋರುವ ಮಾಳಿಗೆ ಮಂಡಳಿಯದ್ದು. ಅಂದಹಾಗೆ, ಇದೇ ಅಳತೆಗೋಲನ್ನು ಸರ್ಕಾರಿ ಶಾಲೆಗಳ ಹಳೆಯ ಕೊಠಡಿಗಳ ಮೇಲೂ ಇಡಬೇಡವೇ?

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ಯಾದಗಿರಿ ಜಿಲ್ಲೆಯದು ಶೇ. 51.83, ರಾಜ್ಯದಲ್ಲೇ ಕಡಿಮೆ. ಇಂಥ ಜಿಲ್ಲೆಯಲ್ಲಿ ಒಂದು ಶಾಲೆಗೆ ಬೀಗ ಬಿದ್ದರೆ ಅಲ್ಲಿನ ಮಕ್ಕಳೆಲ್ಲ ಇನ್ನೊಂದು ಶಾಲೆ ಸೇರುವರೆಂಬ ಭರವಸೆಯಿಲ್ಲ. ಕೆಲವರು ಹತ್ತಿ ಬಿಡಿಸಲು ಹೋಗುತ್ತಾರೆ, ಕೆಲವರು ತಂದೆತಾಯಿಯರ ಜತೆ ಗುಳೆ ಹೋಗುತ್ತಾರೆ.

ಆದ್ದರಿಂದ ಸುರಕ್ಷತೆಯನ್ನೂ ವಲಯದ ಗೆರೆಯನ್ನೂ ಬೇರೆಬೇರೆಯಾಗಿ ತೂಗಬೇಕೆಂಬುದು ನಮ್ಮ ಅಭಿಪ್ರಾಯ. ಮಾಳಿಗೆ, ವಿದ್ಯುತ್ ತಂತಿ, ಅಡುಗೆಮನೆ, ಎರಡನೆಯ ಬಾಗಿಲುಗಳ ವಿಷಯದಲ್ಲಿ ಒಂದು ದಿನದ ವಿನಾಯಿತಿಯೂ ಬೇಡ. ಆದರೆ ದಶಕಗಳಿಂದ ನಡೆದುಬಂದಿರುವ ಶಾಲೆಯ ಭೂಬಳಕೆಯನ್ನು ಸಕ್ರಮಗೊಳಿಸಲು ಕಾಲಾವಕಾಶ ಬೇಕು. ಕಂದಾಯ, ಯೋಜನೆ, ಶಿಕ್ಷಣ ಇಲಾಖೆಗಳು ಒಟ್ಟಿಗೆ ಕುಳಿತು ಅರ್ಜಿ ವಿಲೇವಾರಿ ಮಾಡುವ ಏರ್ಪಾಡು ಜಿಲ್ಲಾ ಮಟ್ಟದಲ್ಲೇ ಆಗಬೇಕು. ಇದನ್ನು ಎಲ್ಲ ಆಡಳಿತ ಮಂಡಳಿಗಳೂ ಮತಭೇದವಿಲ್ಲದೆ ಒಂದಾಗಿ ಕೇಳಬೇಕು. ಅಷ್ಟರೊಳಗೆ ನಮ್ಮ ಧರ್ಮಕೇಂದ್ರಗಳ ಶಾಲೆಗಳು ಈ ಬೇಸಿಗೆ ರಜೆಯಲ್ಲೇ ಎಂಜಿನಿಯರೊಬ್ಬರನ್ನು ಕರೆಸಿ ಮಾಳಿಗೆ ತೋರಿಸಲಿ. ಜೂನ್ ಮಳೆಗೆ ಮುಂಚೆ ಆಗಬೇಕಾದ ಈ ಕೆಲಸಕ್ಕೆ ಯಾವ ಇಲಾಖೆಯ ಪತ್ರಕ್ಕೂ ಕಾಯಬೇಕಾಗಿಲ್ಲ.