ಎಂಜಿನ್ ಕೇಳದ ಆಕ್ಟೇನ್‌ಗೆ ದುಡ್ಡು ಯಾಕೆ?

ಥಾಣೆಯಿಂದ ಕಲ್ಯಾಣದವರೆಗೆ, ಡೊಂಬಿವಲಿಯಿಂದ ನವಿ ಮುಂಬಯಿಯವರೆಗೆ ಯಾವ ಪೆಟ್ರೋಲ್ ಬಂಕಿಗೆ ಹೋದರೂ ಪೈಪ್ ಹಿಡಿದ ಹುಡುಗ ಕೇಳುವ ಮೊದಲ ಪ್ರಶ್ನೆ ಒಂದೇ: ‘ಸಾದಾ ಕೀ ಪವರ್?’ ಸಾದಾ ಕಾರಿನವರು ‘ಸಾದಾ’ ಎಂದು ಸುಮ್ಮನಾಗುತ್ತಾರೆ. ಹತ್ತು ವರ್ಷ ದುಡಿದು, ಸಾಲ ಮಾಡಿ, ಕನಸಿನ ಸ್ಪೋರ್ಟ್ಸ್ ಕಾರನ್ನೋ ಟರ್ಬೊ ಹ್ಯಾಚ್‌ಬ್ಯಾಕನ್ನೋ ಕೊಂಡವರಿಗೆ ಆ ಉತ್ತರ ಅಷ್ಟು ಸಲೀಸಲ್ಲ. ಇಷ್ಟು ದುಬಾರಿ ಗಾಡಿಗೆ ಸಾದಾ ಪೆಟ್ರೋಲ್ ಹಾಕಿದರೆ ಅನ್ಯಾಯ ಮಾಡಿದಂತೆ ಎಂಬ ಅಳುಕು ಅವರದು. ಏರೋಳಿ, ಮಹಾಪೆಯ ಐಟಿ ಕಚೇರಿಗಳ ಪಾರ್ಕಿಂಗ್‌ನಲ್ಲಿ ನನ್ನ ಓರಗೆಯ ಕನ್ನಡಿಗರು ಸೇರಿದರೆ ಈ ಮಾತು ಬಂದೇ ಬರುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಕೆಲವು ಎಂಜಿನ್‌ಗಳಿಗೆ ನಿಜಕ್ಕೂ ಬೇಕು. ಉಳಿದವುಗಳಿಗೆ ಅದು ಬರೀ ಖರ್ಚು. ಯಾವುದು ನಮ್ಮದು ಎಂದು ತಿಳಿಯುವುದು ಕಷ್ಟವಲ್ಲ. ಆದರೆ ತಿಳಿಸಬೇಕಾದವರು ತಿಳಿಸುತ್ತಿಲ್ಲ.

ಮೊದಲು ಒಂದು ತಪ್ಪು ಕಲ್ಪನೆ ಕಳಚಬೇಕು. ಆಕ್ಟೇನ್ ಎಂದರೆ ಶಕ್ತಿಯಲ್ಲ. ಹೆಚ್ಚು ಆಕ್ಟೇನ್ ಇರುವ ಪೆಟ್ರೋಲ್‌ನಲ್ಲಿ ಹೆಚ್ಚು ಕಸುವು ತುಂಬಿರುವುದಿಲ್ಲ. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲ್ ಒತ್ತಡಕ್ಕೆ ಸಿಕ್ಕಿ ಕಾಯುವಾಗ, ಕಿಡಿ ಹಚ್ಚಿದ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತನ್ನಷ್ಟಕ್ಕೆ ಸಿಡಿದರೆ ಅದು ನಾಕಿಂಗ್. ಆ ಸಿಡಿತವನ್ನು ಇಂಧನ ಎಷ್ಟು ತಡೆದುಕೊಳ್ಳುತ್ತದೆ ಎನ್ನುವುದರ ಅಳತೆಯೇ ಆಕ್ಟೇನ್ ಸಂಖ್ಯೆ. ಶುದ್ಧ ಐಸೊ ಆಕ್ಟೇನ್‌ಗೆ 100, ಎನ್ ಹೆಪ್ಟೇನ್‌ಗೆ ಸೊನ್ನೆ ಎಂದಿಟ್ಟು, ಅವುಗಳ ಮಿಶ್ರಣದ ಜೊತೆ ಹೋಲಿಸಿ ಈ ಅಂಕ ಕೊಡುತ್ತಾರೆ. ಒಂದು ಕಾಲದಲ್ಲಿ ಈ ಅಂಕ ಏರಿಸಲು ಪೆಟ್ರೋಲ್‌ಗೆ ಸೀಸ ಬೆರೆಸುತ್ತಿದ್ದರು. ಅದು ವಿಷವೆಂದು 2000ದಲ್ಲಿ ನಮ್ಮ ದೇಶದಾದ್ಯಂತ ನಿಂತಿತು.

ಹಾಗಾದರೆ ಹೆಚ್ಚಿನ ಆಕ್ಟೇನ್‌ನಿಂದ ಕಾರು ಚುರುಕಾಗುವುದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಇಲ್ಲಿ ಕೆಲಸ ಮಾಡುವುದು ಎಂಜಿನ್‌ನ ಕಂಪ್ಯೂಟರ್. ನಾಕ್ ಸೆನ್ಸರ್ ಸಿಡಿತದ ಸದ್ದು ಹಿಡಿದ ಕೂಡಲೇ ಅದು ಕಿಡಿ ಹಚ್ಚುವ ಹೊತ್ತನ್ನು ಸ್ವಲ್ಪ ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಬಲ ಸ್ವಲ್ಪ ಕುಗ್ಗುತ್ತದೆ. ಇಂಧನದ ಆಕ್ಟೇನ್ ಹೆಚ್ಚಿದ್ದರೆ ತಡಮಾಡುವ ಅಗತ್ಯವಿಲ್ಲ, ಎಂಜಿನ್ ತನ್ನ ಪೂರ್ಣ ಬಲ ಕೊಡುತ್ತದೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಇದು ಒಂದು ಷರತ್ತಿನ ಮೇಲೆ ನಿಂತ ಕೋಡ್. ನಿಮ್ಮ ಎಂಜಿನ್‌ನಲ್ಲಿ ಆ ಷರತ್ತು ಬರುವುದೇ ಇಲ್ಲವಾದರೆ ಮುಂದಿನ ಸಾಲುಗಳು ಓಡುವುದೇ ಇಲ್ಲ. 91ಕ್ಕೆ ಹೊಂದಿಸಿದ ಸಾಮಾನ್ಯ ಎಂಜಿನ್‌ಗೆ 100 ಹಾಕುವುದು, ಎರಡೇ ಜನ ಬಳಸುವ ಆ್ಯಪ್‌ಗೆ ದೊಡ್ಡ ಸರ್ವರ್ ಬಾಡಿಗೆಗೆ ಹಿಡಿದಂತೆ. ಬಿಲ್ ಬರುತ್ತದೆ, ವೇಗ ಬರುವುದಿಲ್ಲ.

ಅಮೆರಿಕದ ವಾಹನ ಸವಾರರ ಸಂಘ ಎಎಎ 2016ರಲ್ಲಿ ಇದನ್ನೇ ಪರೀಕ್ಷಿಸಿತು. ಸಾಮಾನ್ಯ ಪೆಟ್ರೋಲ್ ಸಾಕೆಂದು ತಯಾರಕರೇ ಹೇಳಿದ ಕಾರುಗಳಿಗೆ ಪ್ರೀಮಿಯಂ ಹಾಕಿದಾಗ ಬಲದಲ್ಲಿ, ಮೈಲೇಜ್‌ನಲ್ಲಿ, ಹೊಗೆಯಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಒಂದು ವರ್ಷದಲ್ಲಿ ಅಮೆರಿಕನ್ನರು ಹೀಗೆ ವ್ಯರ್ಥ ಮಾಡಿದ ಹಣ 210 ಕೋಟಿ ಡಾಲರ್ ಎಂದು ಸಂಘ ಲೆಕ್ಕ ಹಾಕಿತು. 2017ರಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಪ್ರೀಮಿಯಂ ಕಡ್ಡಾಯವಲ್ಲ, ಆದರೆ ಹಾಕಿದರೆ ಒಳ್ಳೆಯದು ಎಂದು ತಯಾರಕರು ಹೇಳಿದ ಕಾರುಗಳವು. ಅವುಗಳಲ್ಲಿ ಸರಾಸರಿ ಮೈಲೇಜ್ ಶೇ 2.7, ಬಲ ಶೇ 1.4 ಹೆಚ್ಚಿತು. ಲಾಭ ಇದೆ, ಆದರೆ ಅಲ್ಪ.

ಈಗ ನಮ್ಮ ಲೆಕ್ಕ. ತಿಂಗಳಿಗೆ ಸಾವಿರ ಕಿ.ಮೀ. ಓಡುವ, ಲೀಟರಿಗೆ ಹತ್ತು ಕೊಡುವ ಕಾರಿಗೆ ನೂರು ಲೀಟರ್ ಬೇಕು. 95 ಆಕ್ಟೇನ್‌ಗೆ ಲೀಟರಿಗೆ 7 ರೂ. ಹೆಚ್ಚು ಎಂದು ಹಿಡಿದರೆ ತಿಂಗಳಿಗೆ 700 ರೂ. ಶೇ 2.7 ಮೈಲೇಜ್ ಪೂರ್ತಿ ಸಿಕ್ಕರೂ ಉಳಿಯುವುದು ಎರಡೂವರೆ ಲೀಟರ್ ಆಸುಪಾಸು, ಅಂದರೆ 300 ರೂ.ಗಿಂತ ಕಡಿಮೆ. 100 ಆಕ್ಟೇನ್‌ಗೆ ಲೀಟರಿಗೆ 50 ರೂ. ಹೆಚ್ಚು ಎಂದುಕೊಂಡರೆ ತಿಂಗಳಿಗೆ 5,000, ವರ್ಷಕ್ಕೆ 60,000 ರೂ. ಊರಿನಲ್ಲಿರುವ ಅಪ್ಪ ಅಮ್ಮನ ಆರೋಗ್ಯ ವಿಮೆಯ ಕಂತಿಗೆ ಸಾಕಾಗಬಹುದಾದ ಮೊತ್ತ ಇದು. ಇಂಡಿಯನ್ ಆಯಿಲ್ 2020ರ ಡಿಸೆಂಬರ್ 1ರಂದು ಎಕ್ಸ್‌ಪಿ100 ಬಿಡುಗಡೆ ಮಾಡಿದಾಗ ದೆಹಲಿಯಲ್ಲಿ ಅದರ ಬೆಲೆ ಲೀಟರಿಗೆ 160 ರೂ.; ಸಾದಾ ಪೆಟ್ರೋಲ್ ಆಗ 82 ರೂ. ಆಸುಪಾಸಿನಲ್ಲಿತ್ತು. ಮೊದಲ ಹತ್ತು ನಗರಗಳಲ್ಲಿ ಮುಂಬಯಿ, ಪುಣೆ ಎರಡೂ ಇದ್ದವು.

ಮೈಲೇಜ್ ಲೆಕ್ಕದಲ್ಲಿ ಪ್ರೀಮಿಯಂ ಗೆಲ್ಲುವುದಿಲ್ಲ ಎಂದಾಯಿತು. ಹಾಗೆಂದು ಯಾರಿಗೂ ಬೇಡ ಎಂದಲ್ಲ. ಹೆಚ್ಚು ಕಂಪ್ರೆಷನ್ ಇರುವ, ಟರ್ಬೊ ಒತ್ತಡ ಜೋರಾಗಿರುವ ನಿಜವಾದ ಸ್ಪೋರ್ಟ್ಸ್ ಕಾರುಗಳಿಗೆ ತಯಾರಕರೇ 95 ಅಥವಾ 98 ಎಂದು ಬರೆದಿರುತ್ತಾರೆ. ಅಂಥ ಗಾಡಿಗೆ ಬರೆದದ್ದಕ್ಕಿಂತ ಕಡಿಮೆ ಹಾಕುವುದು ಉಳಿತಾಯವಲ್ಲ, ಜೂಜು. ಸೆನ್ಸರ್ ಕಾಪಾಡುತ್ತದೆ ಎಂಬುದು ನಿಜವಾದರೂ ಅದು ತುರ್ತು ರಕ್ಷಣೆ. ದಿನವೂ ಅದರ ಮೇಲೆ ಭಾರ ಹಾಕಲು ಮಾಡಿದ್ದಲ್ಲ. ಪಿಸ್ಟನ್ ಹಾಳಾದರೆ ಬರುವ ಬಿಲ್ಲಿನ ಮುಂದೆ ಪೆಟ್ರೋಲ್‌ನ ವ್ಯತ್ಯಾಸ ಏನೂ ಅಲ್ಲ.

‘ಕಲ್ಯಾಣ-ಶಿಳ್ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ತೆವಳುವ ಕಾರಿಗೆ ಎಂಥ ಆಕ್ಟೇನ್?’ ಎಂದು ನಗುವವರಿದ್ದಾರೆ. ಅರ್ಧ ಸರಿ. ಶಿಳ್‌ಫಾಟಾದ ಸಾಲಿನಲ್ಲಿ ನಿಂತ ಎಂಜಿನ್ ಮೇಲೆ ಭಾರವೇ ಇರುವುದಿಲ್ಲ, ನಾಕಿಂಗ್ ಪ್ರಶ್ನೆಯೂ ಇಲ್ಲ. ಆದರೆ ಅಲ್ಲೇ ಅರ್ಧ ಗಂಟೆ ಬಿಸಿಲಲ್ಲಿ ಕುದಿದ ಎಂಜಿನ್, ದಾರಿ ಬಿಡುವಾದ ಕೂಡಲೇ ಬಿಸಿ ಗಾಳಿಯನ್ನೇ ಎಳೆದುಕೊಂಡು ಪೂರ್ತಿ ಬಲಕ್ಕೆ ಏರಿದಾಗ ನಾಕಿಂಗ್ ಅಪಾಯ ಹೆಚ್ಚು. ಖೋಪೋಲಿಯಿಂದ ಖಂಡಾಲಾ ಘಾಟಿ ಹತ್ತುವಾಗ ಮೇಲಿನ ಗೇರಿನಲ್ಲೇ ಆ್ಯಕ್ಸಿಲರೇಟರ್ ತುಳಿದರೂ ಅದೇ ಕಥೆ. ಒಂದು ಗೇರ್ ಇಳಿಸಿದರೆ ಎಂಜಿನ್ ಹಗುರಾಗುತ್ತದೆ. ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಇನ್ನು ಪೂರ್ಣ ಬಲದ ಮಾತು. ಅಟಲ್ ಸೇತುವಿನ 21.8 ಕಿ.ಮೀ. ಉದ್ದಕ್ಕೂ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ಪಾಮ್ ಬೀಚ್ ರಸ್ತೆಯಲ್ಲಿ ರಾತ್ರಿ ಹೊತ್ತು ‘ಪವರ್’ ಪರೀಕ್ಷಿಸುವವರು ಸುದ್ದಿಯಾಗುವುದು ಅಪಘಾತದ ಪುಟದಲ್ಲಿ. ಆ ಶೇ 1.4 ಬಲವನ್ನು ಕಾನೂನಿನೊಳಗೆ ತೋರಿಸುವ ಜಾಗ ನಮ್ಮಲ್ಲಿ ಎಷ್ಟಿದೆ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಊರಿಗೆ ಗಾಡಿ ಓಡಿಸಿಕೊಂಡು ಹೋಗುವ ನಮ್ಮಂಥವರಿಗೆ ಇನ್ನೆರಡು ವಿಷಯ. ಒಂದು, ಎತ್ತರ. ಟರ್ಬೊ ಇಲ್ಲದ ಎಂಜಿನ್‌ಗೆ ಸಮುದ್ರ ಮಟ್ಟದಲ್ಲಿ ಬೇಕಾದಷ್ಟು ಆಕ್ಟೇನ್ ಎತ್ತರದಲ್ಲಿ ಬೇಡ, ಗಾಳಿ ತೆಳು. ಆದ್ದರಿಂದ ಬೆಂಗಳೂರಿನ ಗೆಳೆಯ ‘ನನಗೆ ಸಾದಾದಲ್ಲೇ ಏನೂ ಆಗಿಲ್ಲ’ ಎಂದದ್ದು ಥಾಣೆಗೆ ಹಾಗೇ ಅನ್ವಯಿಸುವುದಿಲ್ಲ. ಎರಡು, ರೀಮ್ಯಾಪ್. ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಬಲ ಹೆಚ್ಚಿಸುವ ಅಂಗಡಿಗಳು ಈಗ ಬೇಕಾದಷ್ಟಿವೆ. 100 ಆಕ್ಟೇನ್ ಸದಾ ಸಿಗುತ್ತದೆಂದು ನಂಬಿ ಬರೆದ ಪ್ರೋಗ್ರಾಂ ಹಾಕಿಸಿಕೊಂಡು, ನಿಪ್ಪಾಣಿ ದಾಟಿ, ಹೆದ್ದಾರಿ ಬಿಟ್ಟು ತಾಲ್ಲೂಕಿನ ಬಂಕಿಗೆ ಹೋದರೆ ಅಲ್ಲಿ ಸಿಗುವುದು ಸಾದಾ ಒಂದೇ. ಒಂದೇ ಸಪ್ಲೈಯರ್ ಮೇಲೆ ಇಡೀ ಸಿಸ್ಟಂ ಕಟ್ಟಬಾರದೆಂದು ಕಚೇರಿಯಲ್ಲಿ ಹೇಳುವ ನಾವೇ ಕಾರಿನಲ್ಲಿ ಅದನ್ನು ಮಾಡಬಾರದು. ವಾರಂಟಿ ಹೋಗುವುದು ಬೇರೆ.

ಈ ಚರ್ಚೆಯ ನೆಲವನ್ನೇ ಈಚೆಗೆ ಬದಲಿಸಿದ್ದು ಎಥನಾಲ್. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. ಎಥನಾಲ್‌ನ ಆಕ್ಟೇನ್ ಹೆಚ್ಚು, ಶಕ್ತಿ ಕಡಿಮೆ. ಅಷ್ಟೇ ಪ್ರಮಾಣದ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆಕ್ಟೇನ್ ಬೇರೆ, ಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಕೊಟ್ಟ ವಿವರಣೆಯ ಪ್ರಕಾರ, ಬಿಎಸ್6ಕ್ಕಾಗಿ 91 ಆಗಿದ್ದ ಸಾದಾ ಪೆಟ್ರೋಲ್‌ನ ಅಂಕ ಶೇ 20 ಎಥನಾಲ್‌ನಿಂದ 95ಕ್ಕೆ ಏರಿದೆ. ಹಾಗಿದ್ದರೆ ನಾನು ಕೇಳುವ ಪ್ರಶ್ನೆ ಸರಳ: ಸಾದಾವೇ 95 ಎಂದಾದರೆ, ‘95’ ಎಂದು ಬರೆದ ಪ್ರೀಮಿಯಂಗೆ ಹೆಚ್ಚು ಕೊಡುವುದು ಯಾವುದಕ್ಕೆ? ಉಳಿಯುವುದು ಎಂಜಿನ್ ಶುಚಿಗೊಳಿಸುವ ರಾಸಾಯನಿಕ ಮಾತ್ರ. ಅದಕ್ಕೂ ಮಿತಿಯಿದೆ. ಈಗಿನ ಬಹುತೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುತ್ತದೆ. ಗಾಳಿಯೊಳಬರುವ ವಾಲ್ವ್ ಮೇಲೆ ಹಾಯುವುದೇ ಇಲ್ಲ. ಹಾಯದ ಪೆಟ್ರೋಲ್ ಆ ವಾಲ್ವ್ ತೊಳೆಯುವುದು ಹೇಗೆ? ಇಂಜೆಕ್ಟರ್ ಶುಚಿಯಾದೀತು, ಅಷ್ಟೇ.

ನಿಜವಾದ ಸಂಕಟ ಇರುವುದು 2023ಕ್ಕಿಂತ ಹಿಂದಿನ ಸ್ಪೋರ್ಟ್ಸ್ ಕಾರುಗಳನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ. ಅವುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಶೇ 10ರವರೆಗಿನ ಎಥನಾಲ್‌ಗೆ ಮಾತ್ರ ಒಪ್ಪಿಗೆ. ಇ20ಗೆ ಮಾಡದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7 ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಎಥನಾಲ್ ಇಲ್ಲದ ಪೆಟ್ರೋಲ್‌ನ ಆಯ್ಕೆ ಕೊಡಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹೀಗಾಗಿ ಇಂಥವರು 100 ಆಕ್ಟೇನ್‌ನ ಪಂಪ್ ಹುಡುಕುವುದು ಬಲಕ್ಕಾಗಿ ಅಲ್ಲ, ಎಥನಾಲ್ ತಪ್ಪಿಸಿಕೊಳ್ಳಲು. ಅವರ ಮಟ್ಟಿಗೆ ಪ್ರೀಮಿಯಂ ಎಂದರೆ ಷೋಕಿಯಲ್ಲ, ಅನಿವಾರ್ಯ.

ಇದನ್ನು ಎಥನಾಲ್ ವಿರೋಧ ಎಂದು ಓದಬೇಡಿ. ನಮ್ಮದು ಅಥಣಿ ಕಡೆಯ ಕಬ್ಬಿನ ಮನೆ. ಕಾರ್ಖಾನೆ ಬಿಲ್ ಕೊಡದೆ ಸತಾಯಿಸಿದ ವರ್ಷಗಳ ಬವಣೆ ಬೆಳಗಾವಿ, ಬಾಗಲಕೋಟೆಯ ಓದುಗರಿಗೆ ಗೊತ್ತೇ ಇದೆ. ಕಬ್ಬು ಸಕ್ಕರೆಯಾಗಿಯಷ್ಟೇ ಅಲ್ಲದೆ ಇಂಧನವಾಗಿಯೂ ಮಾರಾಟವಾಗುವುದು ರೈತನಿಗೆ ಒಳ್ಳೆಯದೇ. ಆದರೆ ಹೊಲದಲ್ಲಿ ದುಡಿದ ಅಪ್ಪನಿಗೆ ತೂಕದ ಚೀಟಿ ಕೇಳುವ ಹಕ್ಕು ಇದ್ದಂತೆ, ಬಂಕಿನಲ್ಲಿ ದುಡ್ಡು ಕೊಡುವ ಮಗನಿಗೂ ತಾನು ಕೊಳ್ಳುತ್ತಿರುವುದು ಏನೆಂದು ಕೇಳುವ ಹಕ್ಕಿದೆ.

ಅಮೆರಿಕದ ಪ್ರತಿ ಪಂಪಿನ ಮೇಲೆ ಆಕ್ಟೇನ್ ಅಂಕದ ಹಳದಿ ಚೀಟಿ ಕಡ್ಡಾಯ. (ಅಲ್ಲಿಯ ಅಳತೆ ಬೇರೆ, ಅಲ್ಲಿಯ 87 ನಮ್ಮ 91-92ಕ್ಕೆ ಹತ್ತಿರ. ಅಲ್ಲಿಯ ವಿಡಿಯೊ ನೋಡಿ ಇಲ್ಲಿ ಪೆಟ್ರೋಲ್ ಹಾಕಿಸುವವರು ಗಮನಿಸಬೇಕು.) ನಮ್ಮಲ್ಲಿ ಕಣ್ಣಿಗೆ ಹೊಡೆಯುವುದು ಬ್ರ್ಯಾಂಡಿನ ಹೆಸರು. ಪವರ್, ಸ್ಪೀಡ್ ಎಂಬ ಹೆಸರುಗಳೇ ಅರ್ಧ ಜಾಹೀರಾತು. ಕಲ್ಯಾಣದ ಹತ್ತಿರದ ಒಂದು ಬಂಕಿನಲ್ಲಿ ಕೇಳದೆಯೇ ನನ್ನ ಕಾರಿಗೆ ಪ್ರೀಮಿಯಂ ತುಂಬಿಸಿದ್ದರು. ಯಾವ ಆಕ್ಟೇನ್ ಎಂದು ಕೇಳಿದರೆ ಆ ಹುಡುಗನಿಗೂ ಗೊತ್ತಿಲ್ಲ, ಮ್ಯಾನೇಜರನಿಗೂ ಗೊತ್ತಿಲ್ಲ. ತಪ್ಪು ಆ ಹುಡುಗನದಲ್ಲ. ಅವನಿಗೆ ಕೊಟ್ಟದ್ದು ಮಾರಾಟದ ಗುರಿ ಮಾತ್ರ, ಮಾಹಿತಿಯಲ್ಲ.

ಆದ್ದರಿಂದ ಆಗಬೇಕಾದದ್ದು ಇಷ್ಟು. ಪ್ರತಿ ಪಂಪಿನ ಮೇಲೆ ಆಕ್ಟೇನ್ ಅಂಕ ಮತ್ತು ಎಥನಾಲ್‌ನ ಶೇಕಡಾವಾರನ್ನು ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ, ಮರಾಠಿಯಲ್ಲೂ, ನಮ್ಮ ರಾಜ್ಯದಲ್ಲಿ ಕನ್ನಡದಲ್ಲೂ ಬರೆಯಬೇಕು. ಕೇಳದೆ ಪ್ರೀಮಿಯಂ ಹಾಕುವುದು ನಿಲ್ಲಬೇಕು. ಹಳೆಯ ಕಾರುಗಳಿಗೆ ಯಾವ ಇಂಧನ ಸರಿ ಎಂದು ತಯಾರಕರು ಮಾದರಿವಾರು ಪಟ್ಟಿ ಹೊರಡಿಸಬೇಕು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವ ದಾರಿ: ಇಂಧನ ತುಂಬುವ ಮುಚ್ಚಳದ ಒಳಬದಿ ನೋಡಿ. ಅಲ್ಲಿ ಕನಿಷ್ಠ ಆಕ್ಟೇನ್ ಎಷ್ಟೆಂದು ಬರೆದಿರುತ್ತದೆ, ಇಲ್ಲದಿದ್ದರೆ ಕೈಪಿಡಿಯಲ್ಲಿದೆ. 91 ಎಂದಿದ್ದರೆ ಕಾರು ಎಷ್ಟೇ ಕೆಂಪಗಿದ್ದರೂ ಸಾದಾ ಸಾಕು. 95 ಎಂದಿದ್ದು, ಕಾರು ಇ20ಗೆ ಒಪ್ಪಿದ್ದಾದರೆ ದಿನನಿತ್ಯಕ್ಕೆ ಈಗಿನ ಸಾದಾವೇ ಆ ಅಂಕ ಮುಟ್ಟುತ್ತದೆ. 98 ಎಂದಿದ್ದರೆ, ಅಥವಾ ಹಳೆಯ ಗಾಡಿಗೆ ಎಥನಾಲ್ ಬೇಡವೆಂದಿದ್ದರೆ, ಲೆಕ್ಕ ನೋಡದೆ 100 ಹಾಕಿಸಿ, ಎಥನಾಲ್ ಎಷ್ಟಿದೆ ಎಂದು ಬಂಕಿನಲ್ಲಿ ಕೇಳಿಯೇ ಹಾಕಿಸಿ. ಅಂಥ ಕಾರು ಕೊಂಡ ದಿನವೇ ಆ ಖರ್ಚಿಗೂ ಒಪ್ಪಿದಂತೆ.