ಬಣ್ಣ ಬಳಿಯುವ ಭಕ್ತಿ

ನಮ್ಮ ಶ್ರೀರಾಮನಗರದ ಸುತ್ತಮುತ್ತ ಯಾವ ಗುಡಿಯ ಜೀರ್ಣೋದ್ಧಾರವೆಂದರೂ ಚಂದಾ ಪುಸ್ತಕ ಹಿಡಿದು ಮನೆಮನೆ ತಿರುಗುವವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೈಯುವುದೆಲ್ಲ ನನ್ನನ್ನೂ ಸೇರಿಸಿಕೊಂಡೇ.

ಮಗಳ ಕಾಲೇಜಿನ ಕೆಲಸಕ್ಕೆ ಮಂಗಳೂರಿಗೆ ಹೋದವಳು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ನೋಡಿದೆ. ಹೊರಗಿನಿಂದ ಅಂಥ ವಿಶೇಷವೇನಿಲ್ಲ. ಒಳಗೆ ಕಾಲಿಟ್ಟರೆ ಮಾತು ನಿಂತಿತು. ಗೋಡೆ, ಕಮಾನು, ಮೇಲ್ಛಾವಣಿ, ಎಲ್ಲಿ ನೋಡಿದರೂ ಚಿತ್ರ! 1899ರ ಸುಮಾರಿಗೆ ಇಟಲಿಯಿಂದ ಬಂದ ಜೆಸ್ವಿಟ್ ಸೋದರ ಅಂತೋನಿಯೊ ಮೊಸ್ಕೆನಿ ಬರೆದದ್ದು. ಗೋಡೆಯ ಚಿತ್ರಗಳದ್ದು ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಚ್ಚುವ ಕೆಲಸ. ಒಣಗಿದಂತೆ ಬಣ್ಣ ಗೋಡೆಯದೇ ಆಗಿಬಿಡುತ್ತದೆ. ಮೇಲೆ ಅಲೋಶಿಯಸನ ಬದುಕಿನ ಕಥೆ. ರೋಮಿನಲ್ಲಿ ಪ್ಲೇಗಿನವರ ಆರೈಕೆ ಮಾಡಿ, 1591ರಲ್ಲಿ, ಇಪ್ಪತ್ಮೂರರ ಹರೆಯದಲ್ಲೇ ತೀರಿಕೊಂಡ ಹುಡುಗ. ಕೆಳಗೆ ಒಬ್ಬ ಹೆಂಗಸು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಳು. ಆ ಮೌನದಲ್ಲಿ ನನಗೂ ಕೈಮುಗಿಯಬೇಕೆನ್ನಿಸಿತು.

ಜೊತೆಗೇ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ಕಡೆಯ ಒಂದು ಹಳೆಯ ಗುಡಿ ನೆನಪಾಗಿತ್ತು. ಎಣ್ಣೆಹೊಗೆ ಹಿಡಿದ ಅದರ ಮಾಡಿನಲ್ಲಿ ಕೆಂಪು ಕಾವಿಯ ಆನೆ, ಕುದುರೆ ಮಸುಕಾಗಿ ಕಾಣುತ್ತಿದ್ದವು. ನಾವು ಚಂದಾ ಎತ್ತಿದೆವು. ಆಯಿಲ್ ಪೇಂಟ್ ತರಿಸಿದೆವು. ಮಾಡಿಗೆ ಆಕಾಶನೀಲಿ, ಕಲ್ಲುಕಂಬಗಳಿಗೆ ಹಳದಿ. ಗುಡಿ ಲಕಲಕ ಹೊಳೆಯಿತೆಂದು ಪೇಡೆ ಹಂಚಿದವಳು ನಾನೇ. ಎರಡು ಮಳೆಗಾಲ ಕಳೆಯುವುದರೊಳಗೆ ಪೇಂಟು ಪದರಪದರವಾಗಿ ಎದ್ದಿತು. ಹಳೆಯ ಗಾರೆಯನ್ನೂ ಕಿತ್ತುಕೊಂಡೇ ಬಿದ್ದಿತು. ಸುಣ್ಣದ ಗೋಡೆ ಉಸಿರಾಡಬೇಕು, ಒಳಗಿನ ತೇವ ಹೊರಗೆ ಹೋಗಬೇಕು. ಆಯಿಲ್ ಪೇಂಟ್ ಅದರ ಮೂಗು ಹಿಡಿದು ಕೂರುತ್ತದೆ.

"ಅವರ ಹತ್ರ ರೊಕ್ಕ ಐತ್ರಿ ಅಕ್ಕಾರ, ಇಟ್ಕೊಂಡಾರ" ಎಂದರು ಗೆಳತಿಯೊಬ್ಬರು. ರೊಕ್ಕ ನಮ್ಮಲ್ಲಿಲ್ಲವೇ? ಪೇಂಟಿಗೆ, ಟೈಲ್ಸಿಗೆ, ದಾನಿಗಳ ಹೆಸರಿನ ಫಲಕಕ್ಕೆ ಬಂತಲ್ಲ! "ಗುಡಿಯೇನು ಮ್ಯೂಜಿಯಮ್ಮೇ, ಪೂಜೆ ನಡೆಯುವ ಜಾಗ" ಎನ್ನುವವರೂ ಇದ್ದಾರೆ. ಚಾಪೆಲಿನಲ್ಲೂ ಪ್ರಾರ್ಥನೆ ನಿಂತಿಲ್ಲ. ಆದರೆ ಅಲ್ಲಿ ಚಿತ್ರ ಮಸುಕಾದಾಗ ಬಲ್ಲ ತಜ್ಞರನ್ನು ಕರೆಸಿದರು. ನಾವು ಪೇಂಟರನ್ನು ಕರೆಸಿದೆವು.

ಚಿತ್ರ ನೋಡಲು ಮಂಗಳೂರಿಗೇ ಹೋಗಬೇಕೆಂದೂ ಇಲ್ಲ. ಹಂಪಿಯ ವಿರೂಪಾಕ್ಷನ ರಂಗಮಂಟಪದಲ್ಲಿ ಕತ್ತೆತ್ತಿದರೆ ಗಿರಿಜಾ ಕಲ್ಯಾಣವಿದೆ, ಮತ್ಸ್ಯಯಂತ್ರ ಭೇದಿಸುವ ಅರ್ಜುನನಿದ್ದಾನೆ, ವಿದ್ಯಾರಣ್ಯರ ಪಲ್ಲಕ್ಕಿಯಿದೆ. ಆನೆಗೊಂದಿಯ ಹುಚ್ಚಪ್ಪಯ್ಯನ ಮಠದ ಮಾಡಿನಲ್ಲೂ ಹಳೆಯ ಚಿತ್ರಗಳಿವೆ. ಮೊಸ್ಕೆನಿಯ ಹೆಸರಾದರೂ ಉಳಿಯಿತು. ನಮ್ಮ ಚಿತ್ರಗಾರರಿಗೆ ಹೆಸರೂ ಇಲ್ಲ. ಅವರ ಕೈಕೆಲಸವೊಂದೇ ಅವರ ಗುರುತು. ಅದನ್ನೂ ಅಳಿಸುವುದು ಯಾವ ಪುಣ್ಯ?

ಅಜ್ಜಿಯ ಇಳಕಲ್ ಸೀರೆ ಮಾಸಿತೆಂದು ನಾವು ಅದನ್ನು ಬಂಡೆಗೆ ಒಗೆಯುತ್ತೇವೆಯೇ? ಮಡಿಕೆ ಬದಲಿಸಿ, ನುಸಿಗುಳಿಗೆ ಇಟ್ಟು ಜೋಪಾನ ಮಾಡುತ್ತೇವೆ. ಆ ಬುದ್ಧಿ ಗುಡಿಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಯಾಕೆ ಕಳಚಿಡಬೇಕು?

ಚಂದಾ ಪುಸ್ತಕ ಈಗಲೂ ಬರುತ್ತದೆ. ಬಂದವರನ್ನು ಕೂರಿಸಿ, ಚಹಾ ಕೊಟ್ಟು, "ಯಾತಕ್ಕೆ?" ಎಂದು ಕೇಳುತ್ತೇನೆ. ಪೇಂಟಿಗಾದರೆ ನನ್ನ ಹೆಸರು ಬರೆಯಬೇಡಿ ಎನ್ನುತ್ತೇನೆ. ನೀವೂ ಅಷ್ಟು ಕೇಳಿರಿ, ಸಾಕು.